ಮೆದುಳು ಗಟ್ಟಿ, ಕೀಲು ಸಡಿಲ!

ಕಂಪ್ಯೂಟರ್ ಕೆಟ್ಟಿದೆಯಾ? ಹಾಗಾದ್ರೆ ಅದನ್ನ ಎರಡು ಮೂರು ಇಂಚು ಮೇಲೆತ್ತಿ, ಧಪ್ ಅಂತ ಮೇಜಿನ ಮೇಲೆ ಬಿಡಿ!

ಇದು ಯಾವುದೋ ಸಿನಿಮಾದ ಕಾಮಿಡಿ ಸೀನ್ ಅಲ್ಲ ವೀಕ್ಷಕರೇ. ಇವತ್ತು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದಾಗಿರುವ ಆ್ಯಪಲ್, ಒಂದು ಕಾಲದಲ್ಲಿ ತನ್ನ ಗ್ರಾಹಕರಿಗೆ ಕೊಟ್ಟಿದ್ದ ಸಲಹೆ. 1980ರ ಮೇ ತಿಂಗಳಲ್ಲಿ ಆ ಕಂಪನಿ 'ಆ್ಯಪಲ್ 3' ಅನ್ನೋ ಕಂಪ್ಯೂಟರ್ ಹೊರತಂದಿತು. ಆರಂಭದ ಬೆಲೆಯೇ 4,340 ಡಾಲರ್. ಆಫೀಸುಗಳಿಗೆ, ದೊಡ್ಡ ದೊಡ್ಡ ವ್ಯಾಪಾರಸ್ಥರಿಗೆ ಮಾಡಿದ ಮಷೀನು. ಒಳಗೆ ಫ್ಯಾನ್ ಇರಕೂಡದು, ಸದ್ದು ಬರಕೂಡದು ಅಂತ ಸ್ಟೀವ್ ಜಾಬ್ಸ್ ಹಟ ಹಿಡಿದಿದ್ದರು. ಫ್ಯಾನ್ ಇಲ್ಲ, ಕಾವು ಹೊರಗೆ ಹೋಗೋಕೆ ಕಿಂಡಿಯೂ ಇಲ್ಲ. ಮಷೀನು ಬಿಸಿಯಾಗೋದು, ತಣ್ಣಗಾಗೋದು, ಮತ್ತೆ ಬಿಸಿಯಾಗೋದು. ಹೀಗೆ ಹಿಗ್ಗಿ ಕುಗ್ಗಿ, ಒಳಗಿದ್ದ ಚಿಪ್‌ಗಳು ತಮ್ಮ ಸಾಕೆಟ್‌ಗಳಿಂದ ಒಂಚೂರು ಒಂಚೂರೇ ಮೇಲೆದ್ದು ಬಂದವು. ಕಂಪ್ಯೂಟರ್ ಸ್ತಬ್ಧ! ಮೇಲೆತ್ತಿ ಕೆಳಕ್ಕೆ ಬಿಟ್ಟರೆ ಆ ಹೊಡೆತಕ್ಕೆ ಚಿಪ್‌ಗಳು ಮತ್ತೆ ತಮ್ಮ ಜಾಗಕ್ಕೆ ಕೂರುತ್ತಿದ್ದವು. ಮಷೀನು ಮತ್ತೆ ಓಡುತ್ತಿತ್ತು. ಕೊನೆಗೆ ಮೊದಲು ಮಾರಿದ್ದ ಸುಮಾರು 14,000 ಯಂತ್ರಗಳನ್ನ ಆ್ಯಪಲ್ ಬದಲಿಸಿಕೊಡಬೇಕಾಯಿತು.

ಈಗ ಒಂದು ವಿಷಯ ಗಮನಿಸಿ. ಆ ಕಂಪ್ಯೂಟರಿನ ಮೆದುಳಿಗೆ, ಅಂದ್ರೆ ಪ್ರೊಸೆಸರ್‌ಗೆ ಏನೂ ಆಗಿರಲಿಲ್ಲ. ಮೆಮೊರಿ ಚೆನ್ನಾಗಿತ್ತು. ಕೆಟ್ಟಿದ್ದು ಒಂದು ಭಾಗ ಇನ್ನೊಂದನ್ನ ಮುಟ್ಟುವ ಜಾಗ. ಮೂಳೆ ಗಟ್ಟಿ, ಕೀಲು ಸಡಿಲ. ನಾಲ್ಕೂವರೆ ದಶಕ ಕಳೆದ ಮೇಲೂ ನಮ್ಮ ನಿಮ್ಮ ಮನೆಯ ಲ್ಯಾಪ್‌ಟಾಪ್‌ಗಳು ಬಹಳಷ್ಟು ಸಲ ಸಾಯೋದು ಇದೇ ಕಾಯಿಲೆಯಿಂದ.

ನಿಮ್ಮ ಮನೆಯಲ್ಲೂ ಇದನ್ನ ನೋಡಿರುತ್ತೀರಿ. ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್. ಚಾರ್ಜರ್ ಪಿನ್ ಚುಚ್ಚಿದರೆ ಚಾರ್ಜ್ ಆಗಲ್ಲ. ಸ್ವಲ್ಪ ಎಡಕ್ಕೆ ವಾಲಿಸಿದರೆ ಆಗುತ್ತೆ. ಅದಕ್ಕೇ ವೈರಿನ ಕೆಳಗೊಂದು ಪುಸ್ತಕ, ಪುಸ್ತಕದ ಮೇಲೊಂದು ಬೆಂಕಿಪೊಟ್ಟಣ ಇಟ್ಟು, 'ಯಾರೂ ಅಲ್ಲಾಡಿಸಬೇಡ್ರಪ್ಪಾ' ಅಂತ ಮನೆಯವರಿಗೆಲ್ಲ ಆರ್ಡರ್! ಕೆಲವು ದಿನ ಹೀಗೇ ನಡೆಯುತ್ತೆ. ಆಮೇಲೊಂದು ದಿನ ಎಷ್ಟು ವಾಲಿಸಿದರೂ ದೀಪ ಹತ್ತಲ್ಲ. ಅಂಗಡಿಗೆ ತಗೊಂಡು ಹೋದರೆ, 'ಬೋರ್ಡ್ ಹೋಗಿದೆ ಸರ್, ಹೊಸದು ತಗೊಳ್ಳಿ' ಅನ್ನೋ ಉತ್ತರ.

ಬೋರ್ಡ್ ಹೋಗಿದೆಯಾ? ನಿಜಕ್ಕೂ ಹೋಗಿದೆಯಾ? ಇದಕ್ಕೆ ಉತ್ತರ ಬೇಕು ಅಂದ್ರೆ ಒಂದು ಸಣ್ಣ ತೊಟ್ಟು ಲೋಹದ ಚರಿತ್ರೆ ಗೊತ್ತಿರಬೇಕು. ಆ ಲೋಹದ ಹೆಸರು ಬೆಸುಗೆ. ಇಂಗ್ಲಿಷಿನವರು ಸೋಲ್ಡರ್ ಅಂತಾರೆ.

ನಮ್ಮ ಹಳ್ಳಿಗಳಲ್ಲಿ ಹಿಂದೆ ಪಾತ್ರೆಗೆ ಕಲಾಯಿ ಹಾಕೋರು ಬರ್ತಿದ್ದರು. ನಿಮ್ಮ ಮನೆಯ ಹಿರಿಯರನ್ನ ಕೇಳಿ, ಹೇಳ್ತಾರೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಎಲ್ಲ ಬೀದಿಗೆ ಬರ್ತಿತ್ತು. ನೆಲದಲ್ಲೊಂದು ಗುಂಡಿ, ಅದರಲ್ಲಿ ಇದ್ದಿಲು, ಪಕ್ಕದಲ್ಲಿ ತಿದಿ. ಪಾತ್ರೆ ಕಾದ ಮೇಲೆ ಚಿಟಿಕೆ ನವಸಾಗರ ಎರಚಿದರೆ ಬುಸ್ಸಂತ ಬಿಳಿ ಹೊಗೆ. ಆಮೇಲೆ ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಲ್ಲಿ ಒರೆಸಿದರೆ ಕಣ್ಣ ಮುಂದೆಯೇ ಪಾತ್ರೆ ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಆ ನವಸಾಗರದ ಕೆಲಸ ಏನು ಗೊತ್ತಾ? ತಾಮ್ರದ ಮೇಲಿನ ಕಿಲುಬು ತೆಗೆಯೋದು. ಕಿಲುಬು ಇದ್ದರೆ ತವರ ಅಂಟಲ್ಲ, ಎಲೆಯ ಮೇಲಿನ ನೀರಿನ ಹನಿಯ ಹಾಗೆ ಉರುಳಿಹೋಗುತ್ತೆ. ಕಿಲುಬು ಹೋದರೆ ತವರ ತಾಮ್ರದ ಜೊತೆ ಬೆರೆತು, ನಡುವೆ ಎರಡೂ ಲೋಹಗಳು ಸೇರಿದ ಒಂದು ತೆಳು ಪದರವೇ ಹುಟ್ಟುತ್ತೆ. ಅದು ಮೆತ್ತಿಕೊಂಡಿರೋದಲ್ಲ, ಬೆರೆತುಕೊಂಡಿರೋದು.

ಇವತ್ತು ಲ್ಯಾಪ್‌ಟಾಪ್ ಬೋರ್ಡಿನ ಮೇಲೆ ನಡೆಯೋದು ಕೂಡ ಇದೇ. ನವಸಾಗರದ ಬದಲು ಫ್ಲಕ್ಸ್ ಬಂದಿದೆ, ಅದರಲ್ಲಿ ಪೈನ್ ಮರದ ರಾಳ ಇರುತ್ತೆ. ಇದ್ದಿಲಿನ ಬದಲು ಸೋಲ್ಡರಿಂಗ್ ಐರನ್. ಹಂಡೆಯ ಜಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ತಾಮ್ರದ ಗೆರೆ. ವಿದ್ಯೆ ಮಾತ್ರ ಹಳೆಯದೇ. ಎಷ್ಟು ಹಳೆಯದು ಅಂದ್ರೆ, ಎರಡು ಸಾವಿರ ವರ್ಷದ ಹಿಂದೆ ರೋಮನ್ನರು ನೀರಿನ ಕೊಳವೆಗಳನ್ನ ಜೋಡಿಸುತ್ತಿದ್ದದ್ದು ತವರ ಮತ್ತು ಸೀಸ ಬೆರೆಸಿದ ಬೆಸುಗೆಯಿಂದ.

ಈ ತವರ-ಸೀಸದ ಜೋಡಿಯಲ್ಲೊಂದು ಮ್ಯಾಜಿಕ್ ಇದೆ. ತವರ ಒಂದೇ ಇದ್ದರೆ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಸೀಸ ಒಂದೇ ಇದ್ದರೆ 327 ಡಿಗ್ರಿ ಬೇಕು. ಆದ್ರೆ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ ಬೆರೆಸಿ ನೋಡಿ, ಬರೀ 183 ಡಿಗ್ರಿಗೆ ಕರಗುತ್ತೆ! ಇಬ್ಬರೂ ಒಂಟಿಯಾಗಿದ್ದಾಗ ಹಟಮಾರಿಗಳು, ಜೋಡಿಯಾದ ಮೇಲೆ ಮೆತ್ತಗೆ. ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಭಾಗಗಳನ್ನ ಸುಡದೆ ಜೋಡಿಸೋಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಿಲ್ಲ. 1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 'ಎನಿಯಾಕ್' ಅನ್ನೋ ದೈತ್ಯ ಕಂಪ್ಯೂಟರನ್ನ ಜಗತ್ತಿಗೆ ತೋರಿಸಿದಾಗ, ಅದರಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಕೈಯಿಂದ ಹಾಕಿದ ಬೆಸುಗೆಗಳು ಎಷ್ಟು ಗೊತ್ತಾ? ಸುಮಾರು 50 ಲಕ್ಷ! ಒಂದೊಂದು ಬೆಸುಗೆಯ ಹಿಂದೆಯೂ ಒಬ್ಬ ಮನುಷ್ಯನ ಕೈ.

ಈ ಕೈಕೆಲಸವನ್ನ ತಪ್ಪಿಸೋ ಐಡಿಯಾ ಅಷ್ಟರಲ್ಲಾಗಲೇ ಒಬ್ಬನ ತಲೆಯಲ್ಲಿತ್ತು. ಆತನ ಹೆಸರು ಪಾಲ್ ಐಸ್ಲರ್. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಎಂಜಿನಿಯರ್. ಆ ಕಾಲದ ಆಸ್ಟ್ರಿಯಾದಲ್ಲಿ ಯಹೂದಿ ಅನ್ನೋ ಒಂದೇ ಕಾರಣಕ್ಕೆ ಕೆಲಸ ಸಿಗೋದು ಕಷ್ಟವಾಗಿತ್ತು. 1936ರಲ್ಲಿ ಇಂಗ್ಲೆಂಡಿಗೆ ಬಂದ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಒಂದು ರೇಡಿಯೋ ಮಾಡಿದ. ಅದರಲ್ಲಿ ವೈರುಗಳ ಗೋಜಲು ಇರಲಿಲ್ಲ. ಪುಸ್ತಕ ಅಚ್ಚು ಹಾಕುವ ಹಾಗೆ, ಹಲಗೆಯ ಮೇಲೆ ತಾಮ್ರದ ಗೆರೆಗಳನ್ನೇ ಅಚ್ಚು ಹಾಕಿದ್ದ. ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್! ಇವತ್ತು ನಿಮ್ಮ ಟಿವಿ, ಫೋನು, ಗಡಿಯಾರ, ಕಾರು, ಎಲ್ಲದರ ಒಳಗೂ ಇರೋದು ಅದೇ.

ಆತ ಇದನ್ನ ದೊಡ್ಡ ಕಂಪನಿಯೊಂದಕ್ಕೆ ತೋರಿಸಿದಾಗ ಬಂದ ಉತ್ತರ ಕೇಳಿ. ವೈರ್ ಜೋಡಿಸೋ ಕೆಲಸವನ್ನ ನಮ್ಮ ಕಾರ್ಖಾನೆಯ ಹೆಣ್ಣುಮಕ್ಕಳು ಮಾಡ್ತಾರೆ, ಅವರ ಕೂಲಿ ಇದಕ್ಕಿಂತ ಅಗ್ಗ, ಅವರನ್ನ ಬೇಕಾದ ಹಾಗೆ ಕೆಲಸಕ್ಕೆ ಹಚ್ಚಬಹುದು ಅಂತ ವಾಪಸ್ ಕಳಿಸಿದರು. ಯುದ್ಧ ಶುರುವಾದ ಮೇಲೆ ಐಸ್ಲರ್‌ಗೆ 'ಶತ್ರು ದೇಶದವನು' ಅನ್ನೋ ಹಣೆಪಟ್ಟಿ ಕಟ್ಟಿ ಬಂಧನ ಶಿಬಿರಕ್ಕೆ ಹಾಕಿದರು. ಹಿಟ್ಲರ್‌ನಿಂದ ತಪ್ಪಿಸಿಕೊಂಡು ಬಂದವನಿಗೆ ಹಿಟ್ಲರ್ ಕಡೆಯವನು ಅನ್ನೋ ಅನುಮಾನ! ಬಿಡುಗಡೆಯಾದ ಮೇಲೆ ಒಂದು ಮುದ್ರಣ ಕಂಪನಿ ಅವನ ಕೈ ಹಿಡಿಯಿತು. 1943ರಲ್ಲಿ ಪೇಟೆಂಟ್ ಅರ್ಜಿ ಹೋಯಿತು. ಅತ್ತ ಅಮೆರಿಕನ್ನರು ಯುದ್ಧದ ಸಿಡಿಗುಂಡುಗಳ ಫ್ಯೂಸ್‌ನಲ್ಲಿ ಮುದ್ರಿತ ಸರ್ಕ್ಯೂಟ್ ಬಳಸೋಕೆ ಶುರು ಮಾಡಿದರು. ಯುದ್ಧ ಮುಗಿದ ಮೇಲೆ, 1949ರ ಹೊತ್ತಿಗೆ, ಅಮೆರಿಕದ ಸೇನೆಯ ಸಿಗ್ನಲ್ ದಳದ ಇಬ್ಬರು ಎಂಜಿನಿಯರುಗಳು, ಬಿಡಿಭಾಗಗಳನ್ನ ಬೋರ್ಡಿಗೆ ಚುಚ್ಚಿ, ಅಡಿಭಾಗವನ್ನ ಕರಗಿದ ಬೆಸುಗೆಯಲ್ಲಿ ಅದ್ದಿ ತೆಗೆಯೋ ವಿಧಾನ ತಂದರು. ಒಂದೊಂದೇ ಬೆಸುಗೆ ಹಾಕೋ ಕಾಲ ಮುಗಿಯಿತು. ಒಂದು ಸಲ ಅದ್ದಿದರೆ ನೂರಾರು ಬೆಸುಗೆ.

ಇಲ್ಲೇ ಇರೋದು ನೋಡಿ ಕಥೆಯ ತಿರುವು. ಬೆಸುಗೆ ಅಗ್ಗವಾಯಿತು, ವೇಗವಾಯಿತು. ಆದ್ರೆ ಬೆಸುಗೆಯ ಮೇಲೆ ಬೀಳೋ ಭಾರ ಹೆಚ್ಚಾಯಿತು. ಹಳೆಯ ರೇಡಿಯೋದಲ್ಲಿ ವೈರನ್ನ ಮೊದಲು ಕೊಕ್ಕೆಗೆ ಸುತ್ತಿ, ಆಮೇಲೆ ಬೆಸುಗೆ ಹಾಕ್ತಿದ್ದರು. ಹಿಡಿತ ಸುತ್ತಿದ ವೈರಿನದ್ದು, ಬೆಸುಗೆ ಬರೀ ವಿದ್ಯುತ್ ಹರಿಯೋಕೆ. ಬೋರ್ಡ್ ಬಂದ ಮೇಲೆ ಹಿಡಿದುಕೊಳ್ಳೋ ಕೆಲಸವೂ ಬೆಸುಗೆಯದ್ದೇ ಆಯಿತು. ತವರ, ಸೀಸ ಎರಡೂ ಮೆತ್ತನೆಯ ಲೋಹಗಳು. ಅವುಗಳಿಂದ ಕಂಬದ ಕೆಲಸ ಮಾಡಿಸ್ತಿದ್ದೀವಿ.

ಲೋಹಕ್ಕೂ ದಣಿವಾಗುತ್ತೆ ಅನ್ನೋದು ಮನುಷ್ಯನಿಗೆ ಗೊತ್ತಾಗಿದ್ದು ಬಹಳ ದುಬಾರಿ ಪಾಠದಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ರಾಜನ ಉತ್ಸವ ನೋಡಿಕೊಂಡು ಜನ ರೈಲಿನಲ್ಲಿ ಪ್ಯಾರಿಸ್‌ಗೆ ಮರಳುತ್ತಿದ್ದರು. ಎಂಜಿನ್ನಿನ ಅಚ್ಚು ಪಟ್ಟಂತ ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿದವು, ಬೆಂಕಿ ಹತ್ತಿತು. ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಜನ ಸುಟ್ಟು ಹೋದರು. ಮುರಿದ ಅಚ್ಚಿನ ಮೇಲೆ ಅವತ್ತು ವಿಶೇಷ ಭಾರವೇನೂ ಬಿದ್ದಿರಲಿಲ್ಲ. ಹಾಗಾದ್ರೆ ಯಾಕೆ ಮುರಿಯಿತು? ಮರುವರ್ಷ ಸ್ಕಾಟ್‌ಲೆಂಡಿನ ವಿಲಿಯಂ ರ‍್ಯಾಂಕಿನ್, ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಇದರ ಗುಟ್ಟು ಬಿಡಿಸುತ್ತಾ ಹೋದರು. ಒಂದೇ ಸಲಕ್ಕೆ ಮುರಿಯದ ಲೋಹ, ಸಣ್ಣ ಸಣ್ಣ ಒತ್ತಡ ಸಾವಿರ ಸಲ ಬಿದ್ದರೆ ಮುರಿಯುತ್ತೆ. ನೀವು ತಂತಿಯೊಂದನ್ನ ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರೀತೀರಲ್ಲಾ, ಅದೇ. ಎಂಜಿನಿಯರಿಂಗ್ ಓದೋವಾಗ ನಾವು ಇದನ್ನ 'ಫೆಟೀಗ್' ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಲೋಹದ ದಣಿವು ಅಂದ್ರೆ ಅಜ್ಜಿಗೂ ಅರ್ಥವಾಗುತ್ತೆ.

ಈಗ ಆ ರೈಲಿನ ಅಚ್ಚನ್ನ ಅಕ್ಕಿಕಾಳಿಗಿಂತ ಚಿಕ್ಕದು ಮಾಡಿ ಲ್ಯಾಪ್‌ಟಾಪ್ ಒಳಗಿಡಿ. ನೀವು ಸ್ವಿಚ್ ಒತ್ತಿದಾಗ ಚಿಪ್ ಕಾಯುತ್ತೆ, ಮುಚ್ಚಿಟ್ಟಾಗ ತಣ್ಣಗಾಗುತ್ತೆ. ಕಾದಾಗ ಬೋರ್ಡ್ ಎಷ್ಟು ಹಿಗ್ಗುತ್ತೋ ಅದರ ಸುಮಾರು ಐದರಲ್ಲೊಂದು ಪಾಲು ಮಾತ್ರ ಸಿಲಿಕಾನ್ ಹಿಗ್ಗುತ್ತೆ. ಗಂಡ ಏರಿಗೆ ಎಳೆದ, ಹೆಂಡತಿ ನೀರಿಗೆ ಎಳೆದಳು ಅಂತಾರಲ್ಲ, ಹಾಗೆ. ನಡುವೆ ಸಿಕ್ಕಿಕೊಂಡಿದ್ದು ಬೆಸುಗೆ. ದಿನಕ್ಕೆ ನಾಲ್ಕು ಸಲ ಆನ್-ಆಫ್ ಅಂದ್ರೂ ವರ್ಷಕ್ಕೆ 1,460 ಸಲ ಈ ಎಳೆದಾಟ. ಇನ್ನು ಚಾರ್ಜರ್ ಸಾಕೆಟ್ಟಿನ ಕಥೆ ಇದಕ್ಕಿಂತ ಕಷ್ಟ. ಅಲ್ಲಿ ಕಾವಿನ ಜೊತೆ ನಿಮ್ಮ ಕೈಯ ಬಲವೂ ಸೇರುತ್ತೆ. ಹೊರಗೆ ಚಾಚಿದ ಪಿನ್ ಒಂದು ಹಾರೆಕೋಲಿನ ಹಾಗೆ. ಹೊರಗೆ ಸ್ವಲ್ಪ ಒತ್ತಿದರೂ ಒಳಗಿನ ಬೆಸುಗೆಗೆ ಹಲವು ಪಟ್ಟು ಬಲ ಬೀಳುತ್ತೆ. ವೈರಿಗೆ ಯಾರೋ ಎಡವಿದರು, ಮಂಚದ ಮೇಲೆ ಮಲಗಿಕೊಂಡು ಬಳಸುವಾಗ ಪಿನ್ ಹಾಸಿಗೆಗೆ ಒತ್ತಿತು, ಮಗು ಎಳೆಯಿತು. ಪ್ರತಿ ಸಲವೂ ಕಾಲಿನ ಸುತ್ತ ಒಂದು ಸಣ್ಣ ಬಿರುಕು, ಉಂಗುರದ ಹಾಗೆ. ಬಿರುಕಿನಲ್ಲಿ ವಿದ್ಯುತ್ ಹರಿಯೋಕೆ ತಡೆ, ತಡೆಯಿಂದ ಕಾವು, ಕಾವಿನಿಂದ ಮತ್ತಷ್ಟು ಬಿರುಕು. ಕೆಲವೊಮ್ಮೆ ಕಿಡಿ ಹಾರಿ ಸುತ್ತಲೂ ಕಪ್ಪಾಗಿರುತ್ತೆ. ಪುಸ್ತಕದ ಮೇಲೆ ಬೆಂಕಿಪೊಟ್ಟಣ ಇಟ್ಟು ನಾವು ಮಾಡೋದು ಏನು? ಆ ಬಿರುಕಿನ ಎರಡೂ ದಡವನ್ನ ಒತ್ತಿ ಹಿಡಿಯೋದು, ಅಷ್ಟೇ!

ಇದೇ ಹೊತ್ತಿಗೆ ಕಾನೂನಿನ ಪ್ರವೇಶವಾಯಿತು. ಸೀಸ ವಿಷ. ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಹಳೆಯ ಕಂಪ್ಯೂಟರುಗಳು ಬಡ ದೇಶಗಳ ಗುಜರಿಗಳಿಗೆ ಬಂದು ಬೀಳುತ್ತಿದ್ದವು. ಚೀನಾದ ಗುಯಿಯು ಅನ್ನೋ ಊರಿನಲ್ಲಿ ಜನ ಬೋರ್ಡುಗಳನ್ನ ಒಲೆಯ ಮೇಲೆ ಕಾಯಿಸಿ ಚಿಪ್ ಕೀಳುತ್ತಿದ್ದರು. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿದ್ದದ್ದು ವೈದ್ಯಕೀಯ ಅಧ್ಯಯನಗಳಲ್ಲಿ ದಾಖಲಾಗಿದೆ. ನಮ್ಮ ದೆಹಲಿಯ ಸೀಲಂಪುರದಲ್ಲಿ ನಡೆಯುತ್ತಿದ್ದದ್ದೂ ಅದೇ ಕೆಲಸ. ಹೀಗಾಗಿ ಯುರೋಪಿಯನ್ ಒಕ್ಕೂಟ 'ರೋಹ್ಸ್' ಅನ್ನೋ ನಿಯಮ ತಂದಿತು. 2006ರ ಜುಲೈ 1ರಿಂದ ಜಾರಿ. ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿದಂತೆ ಆರು ವಿಷವಸ್ತುಗಳಿಗೆ ಕಡಿವಾಣ. ಒಳ್ಳೆಯ ಕಾನೂನು, ಬೇಕೇ ಬೇಕಾಗಿದ್ದ ಕಾನೂನು. ಅದರ ಬಗ್ಗೆ ಎರಡು ಮಾತಿಲ್ಲ.

ಆದ್ರೆ 183 ಡಿಗ್ರಿಗೆ ಕರಗುತ್ತಿದ್ದ ಬೆಸುಗೆಯ ಜಾಗಕ್ಕೆ ತವರ, ಬೆಳ್ಳಿ, ತಾಮ್ರ ಬೆರೆಸಿದ ಹೊಸ ಬೆಸುಗೆ ಬಂತು. ಅದು ಕರಗೋದು ಸುಮಾರು 217 ಡಿಗ್ರಿಗೆ. ಹಳೆಯದಕ್ಕಿಂತ ಗಡುಸು. ಗಡುಸು ಅಂದ್ರೆ, ಒತ್ತಡ ಬಂದಾಗ ಬಾಗೋ ಗುಣ ಕಡಿಮೆ. ಐವತ್ತು ವರ್ಷದ ಅನುಭವವೆಲ್ಲ ಹಳೆಯ ಬೆಸುಗೆಯದ್ದು, ಹೊಸದನ್ನ ಎಲ್ಲ ಕಂಪನಿಗಳೂ ಓಡುತ್ತಾ ಓಡುತ್ತಾ ಕಲಿಯಬೇಕಾಯಿತು. ಇನ್ನೊಂದು ಸ್ವಾರಸ್ಯ ಕೇಳಿ. ಸರ್ವರ್‌ಗಳು, ಟೆಲಿಫೋನ್ ಜಾಲದ ಯಂತ್ರಗಳಿಗೆ ಅದೇ ಕಾನೂನಿನಲ್ಲಿ ಸೀಸದ ಬೆಸುಗೆ ಬಳಸೋಕೆ ವಿನಾಯಿತಿ ಇತ್ತು. ಅವು ಕೆಡಬಾರದಲ್ಲ! ನಿಮ್ಮ ಮನೆಯ ಲ್ಯಾಪ್‌ಟಾಪ್‌ಗೆ ಆ ಭಾಗ್ಯ ಇರಲಿಲ್ಲ.

ಆಗಲೇ ನಡೆದದ್ದು ಎರಡು ದೊಡ್ಡ ಹಗರಣ. ಮೈಕ್ರೋಸಾಫ್ಟ್ 2005ರ ನವೆಂಬರ್‌ನಲ್ಲಿ 'ಎಕ್ಸ್‌ಬಾಕ್ಸ್ 360' ಅನ್ನೋ ಗೇಮ್ ಯಂತ್ರ ಬಿಡುಗಡೆ ಮಾಡಿತ್ತು. ಮೂರು ಕೆಂಪು ದೀಪ ಮಿನುಗಿದರೆ ಅದರ ಕಥೆ ಮುಗೀತು ಅಂತ ಅರ್ಥ. ಲಕ್ಷಗಟ್ಟಲೆ ಮನೆಗಳಲ್ಲಿ ಆ ದೀಪ ಹತ್ತಿತು. 2007ರ ಜುಲೈನಲ್ಲಿ ಕಂಪನಿ ವಾರಂಟಿಯನ್ನ ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿಟ್ಟಿತು. ಮರುವರ್ಷ, 2008ರ ಜುಲೈನಲ್ಲಿ ಎನ್‌ವಿಡಿಯಾ ಸರದಿ. ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ ಜೋಡಣೆಯ ವಸ್ತು ದುರ್ಬಲವಾಗಿದೆ ಅಂತ ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿಡೋದಾಗಿ ಹೇಳಿತು. ಎಚ್‌ಪಿ, ಡೆಲ್, ಆ್ಯಪಲ್, ಎಲ್ಲರ ಲ್ಯಾಪ್‌ಟಾಪ್‌ಗಳಲ್ಲೂ ಆ ಚಿಪ್‌ಗಳಿದ್ದವು.

ಜನ ಏನು ಮಾಡಿದರು ಗೊತ್ತಾ? ಲ್ಯಾಪ್‌ಟಾಪ್ ಬೋರ್ಡನ್ನ ಅಡುಗೆಯ ಓವನ್‌ನಲ್ಲಿಟ್ಟು ಬೇಯಿಸಿದರು! ಎಕ್ಸ್‌ಬಾಕ್ಸ್‌ಗೆ ಟವೆಲ್ ಸುತ್ತಿ ಕಾಯಿಸಿದರು! ಆಶ್ಚರ್ಯ ಅಂದ್ರೆ ಕೆಲವು ಎದ್ದು ಕೂತವು. ಕೆಲವು ದಿನ, ಕೆಲವು ವಾರ ಓಡಿ ಮತ್ತೆ ಮಲಗಿದವು. ಎಲ್ಲರೂ ಬೈದದ್ದು ಬೋರ್ಡಿನ ಮೇಲಿನ ಸೀಸವಿಲ್ಲದ ಬೆಸುಗೆಯನ್ನ. ಅಸಲಿ ಬಿರುಕು ಇದ್ದದ್ದು ಇನ್ನೂ ಒಳಗೆ. ಸಿಲಿಕಾನ್ ತುಣುಕಿಗೂ ಅದು ಕೂತಿರೋ ಪುಟ್ಟ ತಳಕ್ಕೂ ನಡುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಯ ಗುಬುಟುಗಳಿರುತ್ತವೆ. ಮುರಿದದ್ದು ಅವು. ಎಕ್ಸ್‌ಬಾಕ್ಸ್‌ನಲ್ಲಿ ಆಗಿದ್ದೂ ಚಿಪ್ಪಿನ ಒಳಗಿನ ಜೋಡಣೆಯ ಬಿರುಕೇ ಅಂತ 2021ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಮೈಕ್ರೋಸಾಫ್ಟಿನವರೇ ಬಿಡಿಸಿ ಹೇಳಿದರು. ಓವನ್ನಿನ ಕಾವಿಗೆ ಆ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತಿತ್ತು. ವಾಸಿಯಾಗುತ್ತಿರಲಿಲ್ಲ.

ಈ ಪಾಠ ನೆನಪಿಟ್ಟುಕೊಳ್ಳಿ. ಸಡಿಲವಾದ ಕೀಲುಗಳಲ್ಲಿ ಎರಡು ಜಾತಿ. ಒಂದು, ಚಿಪ್ಪಿನ ಹೊಟ್ಟೆಯೊಳಗಿನದ್ದು. ಅದಕ್ಕೆ ಚಿಪ್ಪೇ ಬದಲಾಗಬೇಕು. ಇನ್ನೊಂದು, ಬೋರ್ಡಿನ ಅಂಚಿನಲ್ಲಿರೋ ಚಾರ್ಜರ್ ಸಾಕೆಟ್, ಯುಎಸ್‌ಬಿ ಪೋರ್ಟ್, ಡಿಸ್‌ಪ್ಲೇ ಕೇಬಲ್, ಮೆಮೊರಿ ಸ್ಲಾಟ್‌ನಂಥವು. ಈ ಎರಡನೇ ಜಾತಿಯದ್ದು ಬಹುಪಾಲು ಕೈಯಿಂದ ರಿಪೇರಿಯಾಗುವಂಥದ್ದು. ಎರಡನೇ ಜಾತಿಯ ಕಾಯಿಲೆಗೆ ಮೊದಲನೇ ಜಾತಿಯ ತೀರ್ಪು ಕೊಡೋದಿದೆಯಲ್ಲ, ಮೋಸ ಆಗೋದು ಅಲ್ಲೇ. ಕಾಲು ಉಳುಕಿದವನಿಗೆ ಹೃದಯ ಬದಲಿಸಬೇಕು ಅಂದ ಹಾಗೆ!

ಬೆಂಗಳೂರಿನ ಟೌನ್ ಹಾಲ್ ಹತ್ತಿರದ ಎಸ್‌ಪಿ ರೋಡ್‌ಗೆ ಒಮ್ಮೆ ಹೋಗಿ ಬನ್ನಿ. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಮಂಚದಗಲದ ಅಂಗಡಿಗಳು, ಮೇಲಿನಿಂದ ನೇತಾಡುವ ಕೇಬಲ್ಲುಗಳು, ಒಳಗೆ ದೀಪದ ಕೆಳಗೆ ಬಗ್ಗಿದ ತಲೆಗಳು. ಬಲ್ಲ ಕುಶಲಕರ್ಮಿ ಇದನ್ನ ಹೇಗೆ ಮಾಡ್ತಾನೆ ಅಂತ ನಿಂತು ನೋಡೋದೇ ಒಂದು ಚೆಂದ. ಮೊದಲು ಬ್ಯಾಟರಿ ಕಳಚುತ್ತಾನೆ. ಬ್ಯಾಟರಿ ಇಟ್ಟುಕೊಂಡು ಬೋರ್ಡ್ ಮುಟ್ಟೋದು ಉರಿಯೋ ಒಲೆಗೆ ಕೈ ಹಾಕಿದ ಹಾಗೆ. ಎಲ್ಲೆಲ್ಲಿಯ ಸ್ಕ್ರೂ ಅಂತ ಗುರುತಿಟ್ಟು ಬಿಚ್ಚುತ್ತಾನೆ. ಆಮೇಲೆ ಭೂತಗನ್ನಡಿಯಲ್ಲಿ ಸಾಕೆಟ್ಟಿನ ಕಾಲುಗಳ ಸುತ್ತ ಉಂಗುರದ ಬಿರುಕು ಹುಡುಕುತ್ತಾನೆ. ಮಲ್ಟಿಮೀಟರ್ ಇಟ್ಟು, ಸಾಕೆಟ್ ಅಲ್ಲಾಡಿಸಿ, ಸಂಪರ್ಕ ಎಲ್ಲಿ ತಪ್ಪುತ್ತೆ ನೋಡುತ್ತಾನೆ.

ಆಮೇಲೆ ಬೆಸುಗೆ. ಹಳೆಯದರ ಮೇಲೆ ಹೊಸದನ್ನ ಮೆತ್ತಿದರೆ ಅದು ಮೋಸದ ಕೆಲಸ, ಹೊಳೆಯುತ್ತೆ, ಆದ್ರೆ ನಿಲ್ಲಲ್ಲ. ಹಳೆಯದನ್ನ ಕರಗಿಸಿ, ತಾಮ್ರದ ಹೆಣಿಗೆಯ ಪಟ್ಟಿಯಿಂದಲೋ ಪಂಪಿನಿಂದಲೋ ಪೂರ್ತಿ ಹೀರಿ ತೆಗೀಬೇಕು. ಇಲ್ಲೊಂದು ತೊಡಕಿದೆ. ಸಾಕೆಟ್ಟಿನ ನೆಗೆಟಿವ್ ಕಾಲು ಬೋರ್ಡಿನ ಒಳಗಿರೋ ಅಗಲವಾದ ತಾಮ್ರದ ಹಾಳೆಗೆ ಸೇರಿರುತ್ತೆ. ಎಷ್ಟು ಕಾಯಿಸಿದರೂ ಆ ಹಾಳೆ ಕಾವನ್ನೆಲ್ಲ ಕುಡಿದುಬಿಡುತ್ತೆ. ಅರ್ಜೆಂಟ್ ಮಾಡಿ ಎಳೆದರೆ ರಂಧ್ರದ ಒಳಗಿನ ತಾಮ್ರದ ಲೇಪನವೇ ಕಿತ್ತು ಬರುತ್ತೆ, ಆಗ ನಿಜಕ್ಕೂ ಬೋರ್ಡ್ ಹೋಗುತ್ತೆ! ಅದಕ್ಕೆ ಬಲ್ಲವನು ಬೋರ್ಡನ್ನ ಮೊದಲು ಕೆಳಗಿನಿಂದ ಹದವಾಗಿ ಬೆಚ್ಚಗೆ ಮಾಡ್ತಾನೆ. ಗಡುಸು ಬೆಸುಗೆಗೆ ಕಡಿಮೆ ಕಾವಿಗೆ ಕರಗುವ ಬೆಸುಗೆ ಸ್ವಲ್ಪ ಬೆರೆಸಿ ಮೆತ್ತಗೆ ಮಾಡ್ತಾನೆ. ಫ್ಲಕ್ಸ್ ಹಾಕಿ, ಕಿಲುಬು ತೆಗೆದು, ಹೊಸ ಸಾಕೆಟ್ ಕೂರಿಸಿ, ಕಾಲಿನ ಸುತ್ತ ಬೆಸುಗೆ ತಾನಾಗಿ ಹರಿದು ಒಳಗಿಳಿಯೋವರೆಗೆ ಕಾಯ್ತಾನೆ. ಕಲಾಯಿಯವನ ನವಸಾಗರ, ಹತ್ತಿಯುಂಡೆ ನೆನಪಾಯಿತಾ? ಅದೇ ಹದ, ಅದೇ ತಾಳ್ಮೆ. ಇಂಥ ಕೆಲಸಕ್ಕೆ ಬೇಕಾದ ಸಾಕೆಟ್ಟಿನ ಬೆಲೆ, ಹೊಸ ಬೋರ್ಡಿನ ಬೆಲೆಯ ಮುಂದೆ ಏನೇನೂ ಅಲ್ಲ. ನೀವು ಕೊಡೋ ದುಡ್ಡು ಆ ಕೈಯ ಹದಕ್ಕೆ.

ಹಾಗಂತ ಇದನ್ನ ಓದಿ ನಾಳೆಯೇ ಮನೆಯಲ್ಲಿ ಐರನ್ ಕಾಯಿಸೋಕೆ ಹೋಗಬೇಡಿ. ಸೀಸದ ಬೆಸುಗೆ ಮುಟ್ಟಿದ ಕೈಯಲ್ಲಿ ಊಟ ಮಾಡಕೂಡದು, ಫ್ಲಕ್ಸಿನ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಗಂಟೆ ಅದೇ ಹೊಗೆ ಕುಡಿಯೋ ಹುಡುಗರಿಗೆ ಒಂದು ಹೊಗೆ ಹೀರೋ ಫ್ಯಾನ್ ಸಿಗಬೇಕು ಅನ್ನೋದನ್ನ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ಅಸಲಿ ಪ್ರಶ್ನೆ. ಚಾರ್ಜರ್ ಸಾಕೆಟ್ ಸವೆಯುತ್ತೆ, ಎಳೆದಾಟಕ್ಕೆ ಸಿಗುತ್ತೆ ಅಂತ ಲ್ಯಾಪ್‌ಟಾಪ್ ಮಾಡೋರಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಆಫೀಸುಗಳಿಗೆ ಅಂತ ಮಾಡೋ ಎಷ್ಟೋ ಮಾಡೆಲ್‌ಗಳಲ್ಲಿ ಆ ಸಾಕೆಟ್ಟನ್ನ ಬೋರ್ಡಿಗೆ ಬೆಸೆಯೋದೇ ಇಲ್ಲ. ಒಂದು ಪುಟ್ಟ ಕೇಬಲ್ಲಿನ ತುದಿಯಲ್ಲಿಟ್ಟು, ದೇಹಕ್ಕೆ ಸ್ಕ್ರೂ ಹಾಕಿರುತ್ತಾರೆ. ಎಳೆತವೆಲ್ಲ ದೇಹದ ಮೇಲೆ ಬೀಳುತ್ತೆ, ಬೋರ್ಡಿಗೆ ತಾಗಲ್ಲ. ಹಾಳಾದರೆ ಸ್ಕ್ರೂಡ್ರೈವರ್ ಸಾಕು. 2006ರ ಜನವರಿಯಲ್ಲಿ ಆ್ಯಪಲ್ ಇನ್ನೂ ಚೆಂದದ ಉಪಾಯ ತಂದಿತು. ಜಪಾನಿನ ಅಡುಗೆಮನೆಗಳಲ್ಲಿ ಬಿಸಿನೀರಿನ ಪಾತ್ರೆಗೆ ಆಯಸ್ಕಾಂತದ ಪ್ಲಗ್ ಇರುತ್ತೆ, ಯಾರಾದರೂ ವೈರಿಗೆ ಎಡವಿದರೆ ಪ್ಲಗ್ ಕಳಚಿಕೊಳ್ಳುತ್ತೆ, ಪಾತ್ರೆ ಉರುಳಲ್ಲ. ಅದೇ ತಂತ್ರ ಲ್ಯಾಪ್‌ಟಾಪ್‌ಗೆ! ಹೆಸರು ಮ್ಯಾಗ್‌ಸೇಫ್. 2016ರಲ್ಲಿ ಅದನ್ನ ಕೈಬಿಡೋಕೆ ಶುರು ಮಾಡಿ, 2021ರಲ್ಲಿ ಮತ್ತೆ ತಂದರು. ಈಗ ಎಲ್ಲ ಕಡೆ ಯುಎಸ್‌ಬಿ-ಸಿ ಬಂದಿದೆ. ಹತ್ತು ಸಾವಿರ ಸಲ ಚುಚ್ಚಿ ತೆಗೆದರೂ ತಡೆಯುವಂತೆ ಅದರ ವಿನ್ಯಾಸ. ಒಂದೇ ಚಾರ್ಜರ್ ಎಲ್ಲದಕ್ಕೂ ಅನ್ನೋದು ಒಳ್ಳೆಯದೇ. ಆದ್ರೆ ಅದರಲ್ಲಿ 24 ಪುಟಾಣಿ ಸಂಪರ್ಕಗಳು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನ ನೇರವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅದು ಸಡಿಲವಾದರೆ ರಿಪೇರಿ ಮೊದಲಿಗಿಂತ ಕಷ್ಟ.

ಅಂದ್ರೆ ರಿಪೇರಿ ಆಗುತ್ತೋ ಇಲ್ಲವೋ ಅನ್ನೋದು ಅಂಗಡಿಯಲ್ಲಿ ತೀರ್ಮಾನವಾಗೋದಲ್ಲ. ಲ್ಯಾಪ್‌ಟಾಪಿನ ನಕ್ಷೆ ಬರೆಯೋ ದಿನವೇ ತೀರ್ಮಾನವಾಗಿರುತ್ತೆ. ಇದನ್ನ ಅರ್ಥ ಮಾಡಿಕೊಂಡ ಫ್ರಾನ್ಸ್, 2021ರ ಜನವರಿಯಿಂದ ಲ್ಯಾಪ್‌ಟಾಪ್, ಫೋನುಗಳ ಮೇಲೆ 'ರಿಪೇರಿ ಅಂಕ' ಕಡ್ಡಾಯ ಮಾಡಿತು. ಹತ್ತಕ್ಕೆ ಎಷ್ಟು ಅಂತ ಬೆಲೆಯ ಪಕ್ಕದಲ್ಲೇ ಬರೆದಿರಬೇಕು. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕಿನ ನಿರ್ದೇಶನ ಹೊರಡಿಸಿತು. ನಮ್ಮಲ್ಲಿ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಗುರುತಿಸಿತು. ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ಬಂತು. ಸಂತೋಷ. ಆದ್ರೆ ಪೋರ್ಟಲ್ಲಿನಲ್ಲಿ ಕಂಪನಿಯ ಫೋನ್ ನಂಬರ್ ಸಿಕ್ಕರೆ ಅದು ಮಾಹಿತಿ. ಬಿಡಿಭಾಗವನ್ನೂ ಬೋರ್ಡಿನ ನಕ್ಷೆಯನ್ನೂ ಕೇಳಿದವರಿಗೆ ನ್ಯಾಯವಾದ ಬೆಲೆಗೆ ಕೊಡಲೇಬೇಕು ಅಂತ ಕಾನೂನು ಹೇಳಿದರೆ ಅದು ಹಕ್ಕು.

ಇದು ಬರೀ ದುಡ್ಡಿನ ಮಾತಲ್ಲ. ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022 ಒಂದೇ ವರ್ಷದಲ್ಲಿ ಜಗತ್ತು ಬಿಸಾಡಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಬರೀ 22.3 ಪರ್ಸೆಂಟ್. ಬೆಸುಗೆಯಿಂದ ಸೀಸ ತೆಗೆದೆವು, ಸರಿ. ಆದ್ರೆ ಎಂಟು ವರ್ಷ ಬಾಳಬೇಕಾದ ಬೋರ್ಡನ್ನ ಒಂದು ಸಾಕೆಟ್ ಸಡಿಲವಾಯಿತು ಅಂತ ನಾಲ್ಕೇ ವರ್ಷಕ್ಕೆ ಗುಜರಿಗೆ ಹಾಕಿದರೆ, ಕಸವನ್ನ ಕಡಿಮೆ ಮಾಡಿದ ಹಾಗಾಯಿತಾ?

ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸರ್ಕಾರವೇ ಲ್ಯಾಪ್‌ಟಾಪ್ ಹಂಚಿದೆ. ಕೋವಿಡ್ ಕಾಲದಲ್ಲಿ ಎಷ್ಟೋ ಅಪ್ಪಂದಿರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದಾರೆ. ಆ ಲ್ಯಾಪ್‌ಟಾಪ್‌ಗಳು ಇವತ್ತು ಎಷ್ಟು ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿವೆಯೋ! ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಇರುವ ಹುಡುಗಿಗೆ ಎಸ್‌ಪಿ ರೋಡ್ ಪಕ್ಕದ ಬೀದಿಯಲ್ಲಿಲ್ಲ. ಪ್ರತಿ ತಾಲ್ಲೂಕಿನ ಐಟಿಐನಲ್ಲಿ ಬೋರ್ಡ್ ರಿಪೇರಿಯ ಒಂದು ಬೆಂಚ್ ಯಾಕಿರಬಾರದು? ಸರ್ಕಾರ ಲಕ್ಷಗಟ್ಟಲೆ ಲ್ಯಾಪ್‌ಟಾಪ್‌ಗೆ ಟೆಂಡರ್ ಕರೆಯುವಾಗ, 'ಚಾರ್ಜರ್ ಸಾಕೆಟ್ ಬೋರ್ಡಿಗೆ ಬೆಸೆದಿರಬಾರದು, ಬಿಡಿಯಾಗಿ ಬದಲಿಸುವಂತಿರಬೇಕು' ಅಂತ ಒಂದೇ ಒಂದು ಸಾಲು ಯಾಕೆ ಸೇರಿಸಬಾರದು?

ಮುಂದಿನ ಸಲ ಯಾರಾದರೂ 'ಬೋರ್ಡ್ ಹೋಗಿದೆ' ಅಂದ್ರೆ ಸುಮ್ಮನೆ ತಲೆಯಾಡಿಸಬೇಡಿ ವೀಕ್ಷಕರೇ. ಒಂದೇ ಪ್ರಶ್ನೆ ಕೇಳಿ: 'ಬೋರ್ಡ್ ಹೋಗಿದೆಯೋ, ಅದರ ಕೀಲು ಸಡಿಲವಾಗಿದೆಯೋ? ತೋರಿಸಿ.'

ತೋರಿಸೋಕೆ ಆಗದಿದ್ದರೆ, ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಅಂಗಡಿಗೆ ನಡೀರಿ.